ಫಾರ್ಮ್ ಇನ್‌ಪುಟ್‌ಗಳಿಗೆ ಸಿಎಸ್‌ಎಸ್: ಯಾವುದು ಮೊದಲು, ಯಾವುದು ಆಮೇಲೆ

ಭಾನುವಾರ ಬೆಳಗ್ಗೆ ಜಯನಗರದ ನಮ್ಮ ಮನೆ ಮಹಡಿಗೆ ನಾಲ್ಕೈದು ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಕೆಲವರು ಹೊಸದಾಗಿ ಕೆಲಸಕ್ಕೆ ಸೇರಿದವರು, ಕೆಲವರು ಇನ್ನೂ ಹುಡುಕುತ್ತಿರುವವರು. ಗ್ರಿಡ್ ಗೊತ್ತು, ಫ್ಲೆಕ್ಸ್ ಗೊತ್ತು, ಪೇಜ್ ಲೇಔಟ್ ಚೆನ್ನಾಗಿಯೇ ಮಾಡುತ್ತಾರೆ. ಫಾರ್ಮ್ ಬಂದ ತಕ್ಷಣ ಸಿಕ್ಕಿಹಾಕಿಕೊಳ್ಳುತ್ತಾರೆ. "ಅಕ್ಕಾ, ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ, ಫೋನ್‌ನಲ್ಲಿ ಬಾಕ್ಸ್ ಆಚೆ ಹೋಗ್ತಾ ಇದೆ" ಅನ್ನುವ ಮಾತನ್ನು ವಾರ ವಾರ ಕೇಳುತ್ತೇನೆ.

ಕೋಡ್ ತೆರೆದು ನೋಡಿದರೆ ಪ್ರತಿ ಸಲ ಅದೇ ಕಥೆ. ಮೊದಲು ಬಾರ್ಡರ್‌ಗೆ ಬಣ್ಣ, ಆಮೇಲೆ ದುಂಡಗಿನ ಮೂಲೆ, ಆಮೇಲೆ ನೆರಳು. ಅಗಲ, ಎತ್ತರ, ಫಾಂಟ್ ಎಲ್ಲಾ ಕೊನೆಗೆ. ಗೋಡೆ ಎಬ್ಬಿಸುವ ಮೊದಲೇ ಸುಣ್ಣ ಬಳಿದ ಹಾಗೆ. ಇನ್‌ಪುಟ್‌ಗಳ (ಫಾರ್ಮ್‌ನಲ್ಲಿ ಜನ ತುಂಬುವ ಬಾಕ್ಸ್‌ಗಳ) ವಿಷಯದಲ್ಲಿ, ಪೇಜ್‌ನ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಯಾವ ಪ್ರಾಪರ್ಟಿ ಹಾಕುತ್ತೀರಿ ಅನ್ನುವುದಕ್ಕಿಂತ ಯಾವ ಕ್ರಮದಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಪ್ರಾಪರ್ಟಿ ಹೆಸರುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಇರಲಿ. ಒಂದು ನಿಜವಾದ ಆಂಡ್ರಾಯ್ಡ್ ಫೋನ್ ಬೇಕು. ಐಫೋನ್ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಯಾರ ಹತ್ತಿರವಾದರೂ ಕೇಳಿ ಇಸ್ಕೊಳ್ಳಿ, ಯಾಕೆಂದರೆ ಅದರ ಕೆಲವು ತೊಂದರೆಗಳು ಬೇರೆಲ್ಲೂ ಕಾಣುವುದಿಲ್ಲ. ಪೇಜ್‌ನ ಕೋಡ್ ತೆರೆದು ನೋಡಲು ಬ್ರೌಸರ್‌ನಲ್ಲೇ ಇರುವ ಡೆವ್‌ಟೂಲ್ಸ್‌ನಲ್ಲಿ ಎರಡು ಜಾಗ ಗೊತ್ತಿರಲಿ: ಒಂದು ಪ್ರಾಪರ್ಟಿಗೆ ಕೊನೆಗೆ ಯಾವ ವ್ಯಾಲ್ಯೂ ನಿಂತಿದೆ ಎಂದು ತೋರಿಸುವ ಕಂಪ್ಯೂಟೆಡ್ ಟ್ಯಾಬ್, ಮತ್ತು ಫೋಕಸ್ (ಬಾಕ್ಸ್ ಆಯ್ಕೆಯಾಗಿರುವುದು), ಹೋವರ್ (ಮೌಸ್ ಮೇಲಿರುವುದು) ಸ್ಥಿತಿಗಳನ್ನು ಬಲವಂತವಾಗಿ ಆನ್ ಮಾಡುವ ಜಾಗ.

ಇನ್ನೊಂದು, ಎಲ್ಲರೂ ಮರೆಯುವುದು: ಟೆಸ್ಟ್ ಮಾಡಲು ನಿಜವಾದ ಮಾತುಗಳು. "ಎಬಿಸಿ" ಅಂತ ಟೈಪ್ ಮಾಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನನ್ನ ನೋಟ್‌ಪ್ಯಾಡ್‌ನಲ್ಲಿ ಯಾವಾಗಲೂ ಮೂರು ಹೆಸರು ಇರುತ್ತವೆ: ಲಕ್ಷ್ಮಮ್ಮ, ಕೃಷ್ಣಮೂರ್ತಿ, ಜ್ಯೋತ್ಸ್ನಾ. ಜೊತೆಗೆ ನಮ್ಮೂರಿನ ರೀತಿಯ ಒಂದು ಉದ್ದದ ವಿಳಾಸ: "ಗಣೇಶನ ದೇವಸ್ಥಾನದ ಹಿಂದಿನ ರಸ್ತೆ, ಎರಡನೇ ಮಹಡಿ, 3ನೇ ಕ್ರಾಸ್, 9ನೇ ಮೇನ್, ಜಯನಗರ, ಬೆಂಗಳೂರು 560011".

## 1. ಮೊದಲು ಎಚ್‌ಟಿಎಂಎಲ್ ಸರಿ ಮಾಡಿ

ಪ್ರತಿ ಇನ್‌ಪುಟ್‌ಗೂ ಒಂದು ಲೇಬಲ್ ಇರಬೇಕು. ಲೇಬಲ್‌ನ ಫಾರ್ ಮತ್ತು ಇನ್‌ಪುಟ್‌ನ ಐಡಿ ಒಂದೇ ಆಗಿರಬೇಕು. ಆಗ ಲೇಬಲ್ ಮೇಲೆ ಬೆರಳಿಟ್ಟರೂ ಬಾಕ್ಸ್ ತೆರೆದುಕೊಳ್ಳುತ್ತದೆ. ಖಾಲಿ ಬಾಕ್ಸ್ ಒಳಗೆ ಮಸುಕಾಗಿ ಕಾಣುವ ಪ್ಲೇಸ್‌ಹೋಲ್ಡರ್ ಲೇಬಲ್ ಅಲ್ಲ, ಟೈಪ್ ಶುರು ಮಾಡಿದ ತಕ್ಷಣ ಅದು ಮಾಯವಾಗುತ್ತದೆ. ಅರ್ಧ ತುಂಬಿ, ಫೋನ್ ಕಾಲ್ ಮುಗಿಸಿ ವಾಪಸ್ ಬಂದವರಿಗೆ ಯಾವ ಬಾಕ್ಸ್‌ನಲ್ಲಿ ಏನಿತ್ತು ಅಂತ ನೆನಪಿರುವುದಿಲ್ಲ ಅಲ್ವಾ.

ಟೈಪ್ ಬರೆಯುವುದನ್ನು ಬಿಡಬೇಡಿ. ಇಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಟೈಪ್ ಬರೆಯದಿದ್ದರೂ ಬ್ರೌಸರ್ ಆ ಇನ್‌ಪುಟ್ ಅನ್ನು ಟೆಕ್ಸ್ಟ್ ಅಂತಲೇ ತಿಳಿಯುತ್ತದೆ. ಆದರೆ ಸಿಎಸ್‌ಎಸ್‌ನಲ್ಲಿ "ಟೈಪ್ ಟೆಕ್ಸ್ಟ್ ಆಗಿರುವ ಇನ್‌ಪುಟ್" ಅಂತ ಆಟ್ರಿಬ್ಯೂಟ್ ಸೆಲೆಕ್ಟರ್ (ಯಾವ ಬಾಕ್ಸ್‌ಗೆ ಸ್ಟೈಲ್ ಹೋಗಬೇಕು ಅಂತ ಟೈಪ್‌ನಂಥ ಆಟ್ರಿಬ್ಯೂಟ್ ನೋಡಿ ಆರಿಸುವುದು) ಬರೆದಿದ್ದರೆ ಅದು ಹಿಡಿಯುವುದಿಲ್ಲ, ಯಾಕೆಂದರೆ ಆಟ್ರಿಬ್ಯೂಟೇ ಅಲ್ಲಿಲ್ಲ. ಐದು ಬಾಕ್ಸ್‌ನಲ್ಲಿ ನಾಲ್ಕಕ್ಕೆ ಸ್ಟೈಲ್ ಬಂದು ಒಂದು ಮಾತ್ರ ಹಳೇ ರೂಪದಲ್ಲಿ ನಿಂತಿದೆ ಅಂದರೆ ಮೊದಲು ಇದನ್ನೇ ನೋಡಿ.

ಆ ಆಟ್ರಿಬ್ಯೂಟ್ ಸೆಲೆಕ್ಟರ್‌ಗೆ ಇನ್ನೊಂದು ತೊಂದರೆ ಇದೆ. ಎಲಿಮೆಂಟ್ ಹೆಸರು ಮತ್ತು ಆಟ್ರಿಬ್ಯೂಟ್ ಸೇರಿದಾಗ ಅದರ ತೂಕ ಒಂದು ಕ್ಲಾಸ್‌ಗಿಂತ (ನಾವೇ ಬಾಕ್ಸ್‌ಗೆ ಕೊಡುವ ಹೆಸರಿಗಿಂತ) ಜಾಸ್ತಿ, ತೂಕ ಜಾಸ್ತಿ ಇದ್ದದ್ದೇ ಗೆಲ್ಲುತ್ತದೆ. ಆಮೇಲೆ ನೀವು ಕ್ಲಾಸ್‌ನಲ್ಲಿ ಕೆಂಪು ಬಾರ್ಡರ್ ಬರೆದರೆ ಅದು ಸೋಲುತ್ತದೆ. ಆಗ ಶುರುವಾಗುವುದೇ ಇಂಪಾರ್ಟೆಂಟ್ (ಇದೇ ಗೆಲ್ಲಲಿ ಅನ್ನುವ ಗುರುತು) ಮೇಲೆ ಇಂಪಾರ್ಟೆಂಟ್ ಹಾಕುವ ಕೆಲಸ. ಸುಮ್ನೆ ಎಲ್ಲಾ ಬಾಕ್ಸ್‌ಗಳಿಗೂ "ಫೀಲ್ಡ್" ಅಂತ ಒಂದೇ ಕ್ಲಾಸ್ ಕೊಟ್ಟು, ಎಲ್ಲವನ್ನೂ ಅದರ ಮೇಲೆ ಬರೆಯಿರಿ.

## 2. ಬ್ರೌಸರ್ ಕೊಟ್ಟದ್ದನ್ನು ಒಂದು ಸಮಕ್ಕೆ ತನ್ನಿ

ಪ್ಯಾರಾಗ್ರಾಫ್, ಹೆಡಿಂಗ್ ಎಲ್ಲಾ ಬಾಡಿಯಿಂದ ಫಾಂಟ್ ತೆಗೆದುಕೊಳ್ಳುತ್ತವೆ. ಇನ್‌ಪುಟ್, ಸೆಲೆಕ್ಟ್ (ಪಟ್ಟಿಯಿಂದ ಆರಿಸುವ ಬಾಕ್ಸ್), ಟೆಕ್ಸ್ಟ್‌ಏರಿಯಾ (ಹಲವು ಸಾಲಿನ ಬಾಕ್ಸ್), ಬಟನ್ ಮಾತ್ರ ತೆಗೆದುಕೊಳ್ಳುವುದಿಲ್ಲ. ಬ್ರೌಸರ್ ಅವುಗಳಿಗೆ ತನ್ನದೇ ಫಾಂಟ್ ಹಾಕಿರುತ್ತದೆ. ಕ್ರೋಮ್‌ನಲ್ಲಿ ಕಂಪ್ಯೂಟೆಡ್ ಟ್ಯಾಬ್ ತೆರೆದರೆ 13.3333 ಪಿಕ್ಸೆಲ್ ಅಂತ ಕಾಣುತ್ತದೆ. ಟೆಕ್ಸ್ಟ್‌ಏರಿಯಾದಲ್ಲಿ ಅಕ್ಷರಗಳೇ ಬೇರೆ ಜಾತಿಯವು, ಎಲ್ಲಾ ಒಂದೇ ಅಗಲ.

ಈ ನಾಲ್ಕಕ್ಕೂ ಸೇರಿಸಿ ಒಂದೇ ರೂಲ್ ಬರೆಯಿರಿ. ಫಾಂಟ್ ಇನ್ಹೆರಿಟ್ (ಸುತ್ತಲಿನದರಿಂದ ತೆಗೆದುಕೋ ಅಂತ), ಕಲರ್ ಇನ್ಹೆರಿಟ್, ಮಾರ್ಜಿನ್ ಸೊನ್ನೆ, ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ (ಪ್ಯಾಡಿಂಗ್, ಬಾರ್ಡರ್ ಎರಡೂ ಅಗಲದ ಒಳಗೇ ಲೆಕ್ಕ). ಫಾಂಟ್-ಫ್ಯಾಮಿಲಿ ಒಂದನ್ನೇ ಇನ್ಹೆರಿಟ್ ಮಾಡಿ ನಿಲ್ಲಿಸಬೇಡಿ. ಪೂರ್ತಿ ಫಾಂಟ್ ಅಂತ ಬರೆದರೆ ಗಾತ್ರ, ದಪ್ಪ, ಲೈನ್-ಹೈಟ್ ಎಲ್ಲಾ ಒಟ್ಟಿಗೆ ಬರುತ್ತವೆ.

## 3. ಅಳತೆ: ಅಗಲ, ಎತ್ತರ, ಒಳಗಿನ ಜಾಗ

ಬಾಕ್ಸ್ ಆಚೆ ಹೋಗುವ ತೊಂದರೆಯನ್ನು ಒಂದು ಲೆಕ್ಕ ಹಾಕಿ ನೋಡೋಣ. 360 ಪಿಕ್ಸೆಲ್ ಅಗಲದ ಫೋನ್. ಎರಡೂ ಬದಿ 16 ಬಿಟ್ಟರೆ ಫಾರ್ಮ್‌ಗೆ ಉಳಿಯುವುದು 328. ಇನ್‌ಪುಟ್‌ಗೆ ವಿಡ್ತ್ ನೂರು ಪರ್ಸೆಂಟ್ ಕೊಟ್ಟಿದ್ದೀರಿ, ಎಡಬಲ 12 ಪ್ಯಾಡಿಂಗ್, 1 ಬಾರ್ಡರ್. ಟೆಕ್ಸ್ಟ್ ಇನ್‌ಪುಟ್ ಮೂಲತಃ ಕಂಟೆಂಟ್-ಬಾಕ್ಸ್ (ಪ್ಯಾಡಿಂಗ್, ಬಾರ್ಡರ್ ಅಗಲದ ಹೊರಗೆ ಲೆಕ್ಕ) ಆದ್ದರಿಂದ 328ಕ್ಕೆ 24 ಮತ್ತು 2 ಸೇರಿ 354 ಆಗುತ್ತದೆ. 26 ಪಿಕ್ಸೆಲ್ ಆಚೆ. ಪೇಜ್ ಇಡೀ ಅಡ್ಡಡ್ಡ ಜರುಗಲು ಶುರುವಾಗುತ್ತದೆ. ಎರಡನೇ ಹಂತದ ಬಾರ್ಡರ್-ಬಾಕ್ಸ್ ಹಾಕಿದ್ದರೆ ಇದು ಆಗುವುದೇ ಇಲ್ಲ.

ಹಾಕಿದ ಮೇಲೂ ಆಚೆ ಹೋಗುತ್ತಿದೆ ಅಂದರೆ ಎರಡು ಕಡೆ ನೋಡಿ. ಇನ್‌ಪುಟ್ ಫ್ಲೆಕ್ಸ್ ಒಳಗಿದ್ದರೆ ಅದಕ್ಕೆ ಮಿನ್-ವಿಡ್ತ್ ಸೊನ್ನೆ ಕೊಡಿ. ಇನ್‌ಪುಟ್‌ಗೆ ಸುಮಾರು 20 ಅಕ್ಷರದ ಸ್ವಂತ ಅಗಲ ಇರುತ್ತದೆ, ಹೇಳದಿದ್ದರೆ ಅದಕ್ಕಿಂತ ಕೆಳಗೆ ಕುಗ್ಗುವುದಿಲ್ಲ. ಫೀಲ್ಡ್‌ಸೆಟ್ (ಹಲವು ಬಾಕ್ಸ್‌ಗಳನ್ನು ಗುಂಪು ಮಾಡುವ ಎಲಿಮೆಂಟ್) ಒಳಗಿದ್ದರೆ ಆ ಫೀಲ್ಡ್‌ಸೆಟ್‌ಗೂ ಮಿನ್-ವಿಡ್ತ್ ಸೊನ್ನೆ ಬೇಕು. ಇದು ಅರ್ಧ ದಿನ ತಿನ್ನುವ ತಪ್ಪು, ನೆನಪಿಟ್ಟುಕೊಳ್ಳಿ.

ಎತ್ತರಕ್ಕೆ ಹೈಟ್ ಬೇಡ, ಮಿನ್-ಹೈಟ್ (ಕನಿಷ್ಠ ಎತ್ತರ) ಬಳಸಿ. ಪ್ಯಾಡಿಂಗ್ ಮೇಲೆ ಕೆಳಗೆ 10 ಪಿಕ್ಸೆಲ್, ಪಕ್ಕಕ್ಕೆ 12, ಮಿನ್-ಹೈಟ್ 48 ಇಟ್ಟರೆ ಬೆರಳಿಗೆ ಆರಾಮಾಗಿ ಸಿಗುತ್ತದೆ. ಎಲ್ಲಾ ಬಾಕ್ಸ್‌ಗಳನ್ನೂ ಒಂದೇ ಅಗಲ ಮಾಡಬೇಕಿಲ್ಲ. ಪಿನ್ ಕೋಡ್ ಆರು ಅಂಕಿ, ಅದಕ್ಕೆ ಸಣ್ಣ ಬಾಕ್ಸ್ ಸಾಕು. ಬಾಕ್ಸ್‌ನ ಅಗಲ ನೋಡಿಯೇ ಎಷ್ಟು ಬರೆಯಬೇಕು ಅಂತ ಜನಕ್ಕೆ ಗೊತ್ತಾಗುತ್ತದೆ.

ವಿಳಾಸಕ್ಕೆ ಮಾತ್ರ ಟೆಕ್ಸ್ಟ್‌ಏರಿಯಾ ಕೊಡಿ. ಕ್ರಾಸ್, ಮೇನ್, ಬ್ಲಾಕ್, ಹತ್ತಿರದ ಗುರುತು ಎಲ್ಲಾ ಹೇಳದೆ ಬೆಂಗಳೂರಿನಲ್ಲಿ ಮನೆ ಸಿಗುವುದಿಲ್ಲ. ಒಂದೇ ಸಾಲಿನ ಬಾಕ್ಸ್‌ನಲ್ಲಿ ಬರೆದದ್ದರ ಶುರು ಕಾಣುವುದಿಲ್ಲ, ತಪ್ಪಾದರೆ ಗೊತ್ತಾಗುವುದಿಲ್ಲ. ಟೆಕ್ಸ್ಟ್‌ಏರಿಯಾಗೆ ರಿಸೈಜ್ ವರ್ಟಿಕಲ್ ಹಾಕಿ, ಅಡ್ಡಡ್ಡ ಎಳೆದು ಲೇಔಟ್ ಕೆಡುವುದು ತಪ್ಪುತ್ತದೆ.

## 4. ಅಕ್ಷರ: ಕನ್ನಡ ಟೈಪ್ ಮಾಡಿ ನೋಡಿ

ಈ ಹಂತದ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಕಾಳಜಿ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕ್ಲಿನಿಕ್‌ಗೆ ರಿಜಿಸ್ಟ್ರೇಷನ್ ಫಾರ್ಮ್ ಮಾಡಿಕೊಟ್ಟಿದ್ದೆ. ಹೋಗಿ ನೋಡಿಕೊಂಡು ಬರೋಣ ಅಂತ ಹೋದಾಗ ಅಲ್ಲಿ ಒಬ್ಬರು ಅಜ್ಜಿ ಮೊಮ್ಮಗನ ಟ್ಯಾಬ್ ಹಿಡಿದು ಹೆಸರು ಟೈಪ್ ಮಾಡುತ್ತಿದ್ದರು. ಟೈಪ್ ಮಾಡುವುದು, ಅಳಿಸುವುದು, ಮತ್ತೆ ಟೈಪ್ ಮಾಡುವುದು. ಹತ್ತಿರ ಹೋಗಿ ಕೇಳಿದರೆ, "ನೋಡಮ್ಮ, ನನ್ನ ಹೆಸರಿಗೆ ಒತ್ತೇ ಬರ್ತಾ ಇಲ್ಲ" ಅಂದರು. ಅವರು ಬರೆದದ್ದು ಸರಿಯಾಗಿಯೇ ಇತ್ತು. ಕೆಳಗಿನ ಒತ್ತಕ್ಷರವನ್ನು ನನ್ನ ಬಾಕ್ಸ್ ಕತ್ತರಿಸಿ ಹಾಕಿತ್ತು. ಹೈಟ್ 32 ಪಿಕ್ಸೆಲ್ ಅಂತ ಬರೆದಿದ್ದೆ. ಮೇಲೆ ಕೆಳಗೆ 8 ಪ್ಯಾಡಿಂಗ್, 1 ಬಾರ್ಡರ್ ಹೋದರೆ ಅಕ್ಷರಕ್ಕೆ ಉಳಿದದ್ದು 14. ಇಂಗ್ಲಿಷ್ ಹೇಗೋ ಹಿಡಿಯುತ್ತಿತ್ತು, ಹಾಗಾಗಿ ಟೆಸ್ಟ್ ಮಾಡುವಾಗ ನನಗೆ ಗೊತ್ತೇ ಆಗಿರಲಿಲ್ಲ.

ಅದಕ್ಕೇ ಹೇಳುವುದು, ಹೈಟ್ ಬೇಡ ಅಂತ. ಲೈನ್-ಹೈಟ್ 1.5ಕ್ಕಿಂತ ಕಮ್ಮಿ ಇಡಬೇಡಿ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಜ್ಯೋತ್ಸ್ನಾ ತರಹದ ಹೆಸರಿನಲ್ಲಿ ಒತ್ತಿಗೆ ಇನ್ನೊಂದು ಒತ್ತು ಸೇರಿಕೊಳ್ಳುತ್ತದೆ. ಅದು ಪೂರ್ತಿ ಕಂಡರೆ ಮಿಕ್ಕಿದ್ದೆಲ್ಲಾ ಕಾಣುತ್ತದೆ. ಫಾಂಟ್ ಪಟ್ಟಿಯಲ್ಲಿ ಒಂದು ಕನ್ನಡ ಫಾಂಟ್‌ನ ಹೆಸರು ಇರಲಿ, ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ, ಯಾವುದಾದರೂ ಸರಿ. ಇಲ್ಲದಿದ್ದರೆ ಒಂದೊಂದು ಕಂಪ್ಯೂಟರ್‌ನಲ್ಲಿ ಒಂದೊಂದು ಫಾಂಟ್ ಬಂದು ಅಳತೆ ಬದಲಾಗುತ್ತದೆ.

ಗಾತ್ರ 16 ಪಿಕ್ಸೆಲ್‌ಗಿಂತ ಕೆಳಗೆ ಇಳಿಯಬಾರದು. ಐಫೋನ್ ಸಫಾರಿಯಲ್ಲಿ ಅದಕ್ಕಿಂತ ಸಣ್ಣ ಅಕ್ಷರದ ಬಾಕ್ಸ್ ಮುಟ್ಟಿದರೆ ಪೇಜ್ ತಾನಾಗಿ ಜೂಮ್ ಆಗುತ್ತದೆ, ವಾಪಸ್ ಆಗುವುದಿಲ್ಲ. ಇದನ್ನು ತಪ್ಪಿಸಲು ಕೆಲವರು ವ್ಯೂಪೋರ್ಟ್ ಮೆಟಾದಲ್ಲಿ (ಫೋನ್‌ನಲ್ಲಿ ಪೇಜ್ ಹೇಗೆ ಕೂರಬೇಕು ಅಂತ ಹೇಳುವ ಎಚ್‌ಟಿಎಂಎಲ್ ಸಾಲು) ಜೂಮ್ ಅನ್ನೇ ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಣ್ಣು ಮಂಜಾದವರಿಗೆ ಇರುವ ದಾರಿಯನ್ನೇ ಮುಚ್ಚಿದ ಹಾಗಾಗುತ್ತದೆ.

ಬಾಕ್ಸ್‌ನಲ್ಲಿ ಎಷ್ಟು ಅಕ್ಷರ ಹಿಡಿಯಬೇಕು ಅಂತ ಮಿತಿ ಹಾಕುವ ಮ್ಯಾಕ್ಸ್‌ಲೆಂತ್ ಸಿಎಸ್‌ಎಸ್ ಅಲ್ಲ, ಆದರೂ ಇಲ್ಲೇ ಹೇಳಿಬಿಡುತ್ತೇನೆ. ಲಕ್ಷ್ಮಮ್ಮ ಅನ್ನುವುದು ಕಣ್ಣಿಗೆ ಮೂರು ಅಕ್ಷರ. ಬ್ರೌಸರ್ ಲೆಕ್ಕದಲ್ಲಿ ಒಂಬತ್ತು, ಒತ್ತು ಬರಿಸುವ ಪ್ರತಿ ವಿರಾಮ ಚಿಹ್ನೆಯೂ (್) ಬೇರೆ ಎಣಿಕೆ. ಹೆಸರಿಗೆ 20 ಅಂತ ಮಿತಿ ಹಾಕಿದರೆ ಕನ್ನಡದ ಎಷ್ಟೋ ಪೂರ್ತಿ ಹೆಸರುಗಳು ಹಿಡಿಯುವುದಿಲ್ಲ.

## 5. ಈಗ ಬಾರ್ಡರ್ ಮತ್ತು ಬಣ್ಣ

ಬಾರ್ಡರ್ ಒಂದು ಪಿಕ್ಸೆಲ್, ಬಿಳಿ ಹಿನ್ನೆಲೆಗೆ #949494 ಅಥವಾ ಅದಕ್ಕಿಂತ ಗಾಢ. ವೆಬ್ ಆಕ್ಸೆಸಿಬಿಲಿಟಿ ನಿಯಮದ ಪ್ರಕಾರ ಬಾಕ್ಸ್‌ನ ಗೆರೆಗೂ ಹಿನ್ನೆಲೆಗೂ ಕನಿಷ್ಠ 3:1 ವ್ಯತ್ಯಾಸ (ಕಾಂಟ್ರಾಸ್ಟ್) ಬೇಕು, ಓದುವ ಅಕ್ಷರಕ್ಕೆ 4.5:1. ತೀರಾ ತಿಳಿ ಬೂದು ಗೆರೆ ಆಫೀಸಿನ ಒಳಗೆ ಚೆನ್ನಾಗಿ ಕಾಣಬಹುದು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಫೋನ್ ಹಿಡಿದವರಿಗೆ ಬಾಕ್ಸ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಪ್ಲೇಸ್‌ಹೋಲ್ಡರ್‌ಗೆ #767676 ಸಾಕು, ಅದಕ್ಕಿಂತ ತಿಳಿ ಬೇಡ. ಅದರ ಜೊತೆಗೆ ಒಪ್ಯಾಸಿಟಿ 1 ಅಂತಲೂ ಬರೆಯಿರಿ. ಫೈರ್‌ಫಾಕ್ಸ್ ಪ್ಲೇಸ್‌ಹೋಲ್ಡರ್ ಅನ್ನು ತಾನಾಗಿ ಮಸುಕು ಮಾಡುತ್ತದೆ, ನೀವು ಆರಿಸಿದ ಬಣ್ಣ ಅಲ್ಲಿ ಇನ್ನೂ ತಿಳಿಯಾಗಿಬಿಡುತ್ತದೆ.

## 6. ಫೋಕಸ್: ಇದನ್ನು ತೆಗೆಯಲೇಬೇಡಿ

ಔಟ್‌ಲೈನ್ ನನ್ (ಗೆರೆ ಬೇಡ) ಅಂತ ಬರೆದು ಮುಂದೆ ಹೋಗುವುದು ನಾನು ನೋಡುವ ಅತಿ ದೊಡ್ಡ ತಪ್ಪು. ಫೋಕಸ್ ಆದ ಬಾಕ್ಸ್ ಸುತ್ತ ಬ್ರೌಸರ್ ಹಾಕುವ ಆ ಗೆರೆ ಚೆನ್ನಾಗಿಲ್ಲ ಅನಿಸಿದರೆ ಬದಲಾಯಿಸಿ, ತೆಗೆಯಬೇಡಿ. ಮೌಸ್ ಇಲ್ಲದೆ ಟ್ಯಾಬ್ ಕೀಯಲ್ಲೇ ಓಡಾಡುವವರಿಗೆ ತಾವು ಎಲ್ಲಿದ್ದೇವೆ ಅಂತ ಹೇಳುವುದು ಅದೊಂದೇ.

ಫೋಕಸ್-ವಿಸಿಬಲ್ ಮೇಲೆ ಔಟ್‌ಲೈನ್ 3 ಪಿಕ್ಸೆಲ್ ಸಾಲಿಡ್, ಗಾಢ ನೀಲಿ, ಔಟ್‌ಲೈನ್-ಆಫ್‌ಸೆಟ್ 2 ಪಿಕ್ಸೆಲ್. ಇಷ್ಟೇ. ಟೆಕ್ಸ್ಟ್ ಬಾಕ್ಸ್‌ನಲ್ಲಿ ಮೌಸ್‌ನಿಂದ ಕ್ಲಿಕ್ ಮಾಡಿದರೂ ಇದು ಕಾಣುತ್ತದೆ, ಬಟನ್‌ನಲ್ಲಿ ಕೀಬೋರ್ಡ್ ಬಳಸಿದಾಗ ಮಾತ್ರ ಕಾಣುತ್ತದೆ.

ಫೋಕಸ್ ಆದಾಗ ಬಾರ್ಡರ್ ದಪ್ಪ ಮಾಡಬೇಡಿ. ಒಂದು ಪಿಕ್ಸೆಲ್ ಎರಡಾದರೆ ಬಾಕ್ಸ್ ಅಲುಗಾಡಬಹುದು, ಕೆಳಗಿನದೆಲ್ಲಾ ಜರುಗಬಹುದು. ಔಟ್‌ಲೈನ್ ಜಾಗ ತೆಗೆದುಕೊಳ್ಳುವುದಿಲ್ಲ. ಬಾಕ್ಸ್-ಶ್ಯಾಡೋ ಕೂಡ ಜಾಗ ತೆಗೆದುಕೊಳ್ಳುವುದಿಲ್ಲ ನಿಜ, ಆದರೆ ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಮೋಡ್‌ನಲ್ಲಿ ನೆರಳು ಪೂರ್ತಿ ಮಾಯವಾಗುತ್ತದೆ. ನೆರಳನ್ನೇ ಫೋಕಸ್ ಮಾಡಿಕೊಂಡಿದ್ದರೆ ಅಲ್ಲಿ ಏನೂ ಉಳಿಯುವುದಿಲ್ಲ.

## 7. ತಪ್ಪು ತೋರಿಸುವುದು ಮತ್ತು ಬಂದ್ ಆದ ಬಾಕ್ಸ್

ತಪ್ಪಿರುವ ಬಾಕ್ಸ್ ಹಿಡಿಯುವ ಇನ್‌ವ್ಯಾಲಿಡ್ ಸೆಲೆಕ್ಟರ್ ಮೇಲೆ ಕೆಂಪು ಬಾರ್ಡರ್ ಹಾಕಿದರೆ ಪೇಜ್ ತೆರೆದ ತಕ್ಷಣವೇ ಎಲ್ಲಾ ರಿಕ್ವೈರ್ಡ್ (ತುಂಬಲೇಬೇಕಾದ) ಬಾಕ್ಸ್‌ಗಳು ಕೆಂಪಾಗುತ್ತವೆ, ಯಾಕೆಂದರೆ ಖಾಲಿ ಇರುವುದೇ ತಪ್ಪು. ಇನ್ನೂ ಏನೂ ಬರೆಯದ ಮನುಷ್ಯನನ್ನು ಬೈದ ಹಾಗಿರುತ್ತದೆ. ಅದರ ಬದಲು ಯೂಸರ್-ಇನ್‌ವ್ಯಾಲಿಡ್ ಬಳಸಿ. ಬರೆದು, ಬಾಕ್ಸ್ ಬಿಟ್ಟು ಹೊರಬಂದ ಮೇಲೆ, ಇಲ್ಲವೇ ಸಬ್ಮಿಟ್ ಒತ್ತಿದ ಮೇಲೆ ಮಾತ್ರ ಅದು ಹಿಡಿಯುತ್ತದೆ. 2023ರಿಂದ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಇದೆ.

ಕೆಂಪು ಬಣ್ಣ ಒಂದೇ ಸಾಲದು. ಬಣ್ಣ ಗುರುತಿಸಲು ಕಷ್ಟ ಇರುವವರು ಇದ್ದಾರೆ. ಬಾಕ್ಸ್ ಕೆಳಗೆ ಒಂದು ಸಾಲು ಬರೆಯಿರಿ, ಮತ್ತು ಆ ಸಾಲಿನಲ್ಲಿ ಏನು ಮಾಡಬೇಕು ಅಂತ ಹೇಳಿ. "ತಪ್ಪಾಗಿದೆ" ಅಂದರೆ ಏನೂ ಹೇಳಿದಂತಾಗಲಿಲ್ಲ, "ಪಿನ್ ಕೋಡ್‌ನಲ್ಲಿ ಆರು ಅಂಕಿ ಇರಬೇಕು" ಅಂದರೆ ಜನ ತಾವೇ ಸರಿ ಮಾಡಿಕೊಳ್ಳುತ್ತಾರೆ. ಆ ಸಾಲಿಗೆ ಮೊದಲೇ ಜಾಗ ಬಿಟ್ಟಿರಿ, ಇಲ್ಲದಿದ್ದರೆ ಅದು ಬಂದಾಗ ಸಬ್ಮಿಟ್ ಬಟನ್ ಬೆರಳಿನ ಕೆಳಗಿನಿಂದ ಜಾರಿಹೋಗುತ್ತದೆ.

ಡಿಸೇಬಲ್ಡ್ (ಬಂದ್ ಆದದ್ದು) ಮತ್ತು ರೀಡ್‌ಓನ್ಲಿ (ಓದಲು ಮಾತ್ರ, ಬದಲಾಯಿಸಲು ಆಗದ್ದು) ಎರಡಕ್ಕೂ ಒಂದೇ ಬೂದು ಬಣ್ಣ ಹಾಕಬೇಡಿ. ಡಿಸೇಬಲ್ಡ್ ಆದದ್ದು ಸರ್ವರ್‌ಗೆ ಹೋಗುವುದೇ ಇಲ್ಲ, ರೀಡ್‌ಓನ್ಲಿ ಹೋಗುತ್ತದೆ. ನೋಡಿದವರಿಗೂ ಆ ವ್ಯತ್ಯಾಸ ತಿಳಿಯಬೇಕು.

## 8. ಹಠಮಾರಿಗಳು: ಸೆಲೆಕ್ಟ್, ಚೆಕ್‌ಬಾಕ್ಸ್, ನಂಬರ್

ಚೆಕ್‌ಬಾಕ್ಸ್, ರೇಡಿಯೋ ಬಣ್ಣ ಬದಲಾಯಿಸಲು ಮೊದಲೆಲ್ಲಾ ದೊಡ್ಡ ಸರ್ಕಸ್ ಮಾಡಬೇಕಿತ್ತು. ಈಗ ಆಕ್ಸೆಂಟ್-ಕಲರ್ ಅಂತ ಒಂದು ಸಾಲು ಸಾಕು, 2022ರಿಂದ ಎಲ್ಲಾ ದೊಡ್ಡ ಬ್ರೌಸರ್‌ಗಳಲ್ಲೂ ಇದೆ. ಗಾತ್ರ 20 ಪಿಕ್ಸೆಲ್ ಮಾಡಿ. ಫೀಲ್ಡ್ ಕ್ಲಾಸ್ ಅನ್ನು ಇವಕ್ಕೆ ಹಾಕಬೇಡಿ, ಹಾಕಿದರೆ ವಿಡ್ತ್ ನೂರು ಪರ್ಸೆಂಟ್ ಆಗಿ ಚೆಕ್‌ಬಾಕ್ಸ್ ಸಾಲಿನ ಮಧ್ಯಕ್ಕೆ ಹೋಗಿ ಕೂರುತ್ತದೆ.

ಸೆಲೆಕ್ಟ್‌ಗೆ ಅಪಿಯರೆನ್ಸ್ ನನ್ ಕೊಟ್ಟರೆ ಬ್ರೌಸರ್‌ನ ಬಾಣ ಹೋಗುತ್ತದೆ. ನಿಮ್ಮ ಬಾಣವನ್ನು ಬ್ಯಾಕ್‌ಗ್ರೌಂಡ್-ಇಮೇಜ್ ಆಗಿ ಬಲಕ್ಕೆ ಹಾಕಿ, ಬಲಗಡೆ ಪ್ಯಾಡಿಂಗ್ 40 ಪಿಕ್ಸೆಲ್ ಬಿಡಿ. ಎಲಿಮೆಂಟ್ ಒಳಗೆ ಹಿಂದೆ ಮುಂದೆ ಏನಾದರೂ ಸೇರಿಸುವ ಆಫ್ಟರ್, ಬಿಫೋರ್ ಹಾಕಿ ಬಾಣ ಬರುತ್ತಿಲ್ಲ ಅಂತ ಕೂರಬೇಡಿ, ಸೆಲೆಕ್ಟ್ ಮತ್ತು ಟೆಕ್ಸ್ಟ್ ಇನ್‌ಪುಟ್ ಮೇಲೆ ಅವನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಬೇಕೇ ಬೇಕು ಅಂದರೆ ಸುತ್ತ ಒಂದು ಡಿವ್ ಇಟ್ಟು ಅದರ ಮೇಲೆ ಹಾಕಿ.

ಫೋನ್ ನಂಬರ್, ಪಿನ್ ಕೋಡ್, ಓಟಿಪಿಗೆ ಟೈಪ್ ನಂಬರ್ ಬೇಡ. ಡೆಸ್ಕ್‌ಟಾಪ್‌ನಲ್ಲಿ ಮೇಲೆ ಕೆಳಗೆ ಬಾಣ ಬರುತ್ತದೆ, ಕೈತಪ್ಪಿ ಆರೋ ಕೀ ಒತ್ತಿದರೆ 560011 ಇದ್ದದ್ದು 560012 ಆಗಿರುತ್ತದೆ. ಆ ಬಾಣವನ್ನು ಸಿಎಸ್‌ಎಸ್‌ನಲ್ಲಿ ಅಡಗಿಸಲು ಹೊರಡುವುದಕ್ಕಿಂತ ಫೋನ್‌ಗೆ ಟೈಪ್ ಟೆಲ್, ಮಿಕ್ಕಿದ್ದಕ್ಕೆ ಟೈಪ್ ಟೆಕ್ಸ್ಟ್ ಮತ್ತು ಇನ್‌ಪುಟ್‌ಮೋಡ್ ನ್ಯೂಮರಿಕ್ ಬರೆದರೆ ಫೋನ್‌ನಲ್ಲಿ ಅಂಕಿಯ ಕೀಬೋರ್ಡ್ ತಾನಾಗಿ ಬರುತ್ತದೆ.

## 9. ಆಟೋಫಿಲ್ ಮತ್ತು ಡಾರ್ಕ್ ಮೋಡ್

ಕ್ರೋಮ್ ಹಳೇ ಹೆಸರು, ಇಮೇಲ್ ತಾನೇ ತುಂಬಿದಾಗ ಬಾಕ್ಸ್‌ನ ಹಿನ್ನೆಲೆ ಬದಲಾಗುತ್ತದೆ. ನೀವು ಬ್ಯಾಕ್‌ಗ್ರೌಂಡ್-ಕಲರ್ ಎಷ್ಟು ಸಲ ಬರೆದರೂ ಅದು ಗೆಲ್ಲುತ್ತದೆ, ಇಂಪಾರ್ಟೆಂಟ್ ಕೂಡ ಕೆಲಸ ಮಾಡುವುದಿಲ್ಲ. ದಾರಿ ಹೀಗಿದೆ: ಆಟೋಫಿಲ್ ಸೆಲೆಕ್ಟರ್ ಮೇಲೆ ಒಳಮುಖದ ಬಾಕ್ಸ್-ಶ್ಯಾಡೋ, 1000 ಪಿಕ್ಸೆಲ್ ಹರವಿನಲ್ಲಿ, ನಿಮ್ಮ ಹಿನ್ನೆಲೆಯ ಬಣ್ಣದಲ್ಲಿ. ಅಕ್ಷರದ ಬಣ್ಣಕ್ಕೆ ವೆಬ್‌ಕಿಟ್‌ನ ಟೆಕ್ಸ್ಟ್-ಫಿಲ್-ಕಲರ್.

ಡಾರ್ಕ್ ಮೋಡ್ ಇದ್ದರೆ ರೂಟ್ (ಇಡೀ ಪೇಜ್) ಮೇಲೆ ಕಲರ್-ಸ್ಕೀಮ್ ಲೈಟ್ ಡಾರ್ಕ್ ಬರೆಯಿರಿ. ಇಲ್ಲದಿದ್ದರೆ ಡೇಟ್ ಬಾಕ್ಸ್‌ನ ಕ್ಯಾಲೆಂಡರ್ ಗುರುತು ಕಪ್ಪು ಹಿನ್ನೆಲೆಯಲ್ಲಿ ಕಪ್ಪಾಗಿಯೇ ಕೂತಿರುತ್ತದೆ.

## 10. ಬಿಡುವ ಮೊದಲು ನೋಡುವ ಕ್ರಮ

ಮೌಸ್ ಪಕ್ಕಕ್ಕಿಡಿ. ಟ್ಯಾಬ್ ಕೀಯಲ್ಲೇ ಮೊದಲಿಂದ ಸಬ್ಮಿಟ್‌ವರೆಗೆ ಹೋಗಿ, ಪ್ರತಿ ಹೆಜ್ಜೆಯಲ್ಲೂ ಎಲ್ಲಿದ್ದೀರಿ ಅಂತ ಕಾಣಬೇಕು. ಆಮೇಲೆ ಬ್ರೌಸರ್ ಜೂಮ್ 200 ಪರ್ಸೆಂಟ್ ಮಾಡಿ. ಅಕ್ಷರ ಕತ್ತರಿಸಿದರೆ ಎಲ್ಲೋ ಹೈಟ್ ಉಳಿದಿದೆ ಅಂತ ಅರ್ಥ. ಪೇಜ್ ಅಡ್ಡಡ್ಡ ಜರುಗಿದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ.

ಇಂಪಾರ್ಟೆಂಟ್ ಅಂತ ಹುಡುಕಿ ನೋಡಿ. ಫಾರ್ಮ್ ಫೈಲ್‌ನಲ್ಲಿ ಎರಡಕ್ಕಿಂತ ಜಾಸ್ತಿ ಸಿಕ್ಕರೆ ಒಂದನೇ ಹಂತದ ಸೆಲೆಕ್ಟರ್ ತಪ್ಪಾಗಿದೆ. ಫೈರ್‌ಫಾಕ್ಸ್‌ನಲ್ಲಿ ಒಂದು ಸಲ ತೆರೆಯಿರಿ, ಪ್ಲೇಸ್‌ಹೋಲ್ಡರ್ ಮತ್ತು ಸೆಲೆಕ್ಟ್ ಎರಡನ್ನೇ ನೋಡಿದರೆ ಸಾಕು.

ಕೊನೆಗೆ ಫೋನ್ ತೆಗೆದುಕೊಂಡು ಮನೆಯಿಂದ ಹೊರಗೆ ಬನ್ನಿ. ಬ್ರೈಟ್‌ನೆಸ್ ಅರ್ಧಕ್ಕಿಳಿಸಿ, ಬಿಸಿಲಲ್ಲಿ ನಿಂತು, ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಲಕ್ಷ್ಮಮ್ಮ ಅಂತ ಟೈಪ್ ಮಾಡಿ. ಕೆಳಗಿನ ಎರಡೂ ಒತ್ತು ಪೂರ್ತಿ ಕಂಡರೆ ಫಾರ್ಮ್ ಬಿಡಬಹುದು.